ಪೋರ್ಟಬಲ್ ತಂತ್ರಾಂಶದ ಅಸಲು, ನಕಲು

ಮಳೆಗಾಲ ಮುಗಿದು ಲಗ್ನಪತ್ರಿಕೆಗಳ ಕೆಲಸ ಶುರುವಾಗುವ ಹೊತ್ತಿಗೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು. ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ನಡೆಸಬಹುದಾದ ಪೋರ್ಟಬಲ್ ತಂತ್ರಾಂಶಗಳು ಕೈಯಿಂದ ಕೈಗೆ ದಾಟುತ್ತಿವೆ, ಅವುಗಳಲ್ಲಿ ನಿಜವಾಗಿ ಉಚಿತವಾದವು ಯಾವುವು, ಪರವಾನಗಿ ಪರಿಶೀಲನೆಯ ಬೀಗ ಮುರಿದು ಹಂಚಿದವು ಯಾವುವು ಎಂದು ತಿಳಿಯುತ್ತಿಲ್ಲ ಎಂಬುದು ಆ ಪತ್ರಗಳ ಸಾರ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ಕೆಲವರು ಹೆಸರು ಬೇಡವೆಂದು ಕೋರಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು, ಊರು ಮತ್ತು ಉದ್ಯೋಗವನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಕಂಪ್ಯೂಟರ್ ದುರಸ್ತಿಗೆ ಬಂದ ಹುಡುಗನೊಬ್ಬ ಹೋಗುವಾಗ ಒಂದು ಪೆನ್ ಡ್ರೈವ್ ಕೊಟ್ಟುಹೋದ. ಅದರಲ್ಲಿ ವಿಎಲ್‌ಸಿ, ಸೆವೆನ್-ಜಿಪ್, ಗಿಂಪ್ ಇವುಗಳ ಜೊತೆಗೆ ಫೋಟೋಶಾಪ್ ಮತ್ತು ಕೋರೆಲ್‌ಡ್ರಾ ಕೂಡ ಇವೆ. ಎಲ್ಲದರ ಹೆಸರಿನ ಕೊನೆಯಲ್ಲೂ ಪೋರ್ಟಬಲ್ ಎಂದಿದೆ. ‘ಪೋರ್ಟಬಲ್ ಅಂದರೆ ಫ್ರೀ, ಲೈಸೆನ್ಸ್ ಬೇಡ’ ಎಂದು ಆತ ಹೇಳಿದ. ಇದು ನಿಜವೇ?
— ಡಿಟಿಪಿ ಕೇಂದ್ರದ ಒಡೆಯರು, ತೀರ್ಥಹಳ್ಳಿ

ಉತ್ತರ: ನಿಜವಲ್ಲ. ಪೋರ್ಟಬಲ್ ಎಂಬ ಪದ ತಂತ್ರಾಂಶವನ್ನು ಹೇಗೆ ಕಟ್ಟಲಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದನ್ನು ಬಳಸುವ ಹಕ್ಕು ಯಾರಿಗಿದೆ ಎಂಬುದನ್ನು ಹೇಳುವುದಿಲ್ಲ. ಸಾಮಾನ್ಯ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದಾಗ ಅದು ತನ್ನ ಕಡತಗಳನ್ನು ವಿಂಡೋಸ್‌ನ ಹಲವು ಫೋಲ್ಡರುಗಳಿಗೆ ಹರಡಿ, ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ತನ್ನ ವಿವರಗಳನ್ನು ಬರೆದುಕೊಳ್ಳುತ್ತದೆ. ಪೋರ್ಟಬಲ್ ತಂತ್ರಾಂಶ ಹಾಗೆ ಮಾಡದೆ, ತನಗೆ ಬೇಕಾದ ಕಡತಗಳನ್ನೂ ನೀವು ಮಾಡಿಕೊಂಡ ಹೊಂದಾಣಿಕೆಗಳನ್ನೂ ತನ್ನದೇ ಫೋಲ್ಡರಿನೊಳಗೆ ಇಟ್ಟುಕೊಳ್ಳುತ್ತದೆ. ಇಷ್ಟೇ ಅದರ ಗುಣ. ಅಡಿಕೆಯನ್ನು ಗೋಣಿಯಲ್ಲಿ ತುಂಬಿದರೂ ಕೈಚೀಲದಲ್ಲಿ ತುಂಬಿದರೂ ಅದು ಯಾರ ತೋಟದ ಫಸಲು ಎಂಬುದು ಬದಲಾಗುವುದಿಲ್ಲವಷ್ಟೆ.

ನಿಮ್ಮ ಪೆನ್ ಡ್ರೈವ್‌ನಲ್ಲಿ ಎರಡು ಬೇರೆ ಬೇರೆ ತೋಟಗಳ ಫಸಲು ಕಲಬೆರಕೆಯಾಗಿದೆ. ವೀಡಿಯೊ ನೋಡುವ ವಿಎಲ್‌ಸಿ, ಕಡತಗಳನ್ನು ಕುಗ್ಗಿಸಿ ಕಟ್ಟುವ ಸೆವೆನ್-ಜಿಪ್ ಮತ್ತು ಚಿತ್ರ ತಿದ್ದುವ ಗಿಂಪ್ ಮುಕ್ತ ತಂತ್ರಾಂಶಗಳು. ಪ್ಯಾರಿಸ್ಸಿನ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಮೊದಲಾದ ಕೆಲಸದಿಂದ ಹುಟ್ಟಿದ ವಿಎಲ್‌ಸಿ 2001ರಿಂದ ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿದೆ. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಹಂಚಬಹುದು, ಬಲ್ಲವರು ತಿದ್ದಲೂಬಹುದು ಎಂದು ಆ ಪರವಾನಗಿ ಬರಹದಲ್ಲೇ ಅನುಮತಿ ಕೊಡುತ್ತದೆ. ಫೋಟೋಶಾಪ್ ಮತ್ತು ಕೋರೆಲ್‌ಡ್ರಾ ಹಾಗಲ್ಲ. ಅವುಗಳ ಒಡೆತನ ಆಯಾ ಸಂಸ್ಥೆಗಳದ್ದು, ಹಂಚುವ ಹಕ್ಕು ಅವರಿಗೆ ಮಾತ್ರ. ಅಡೋಬಿ ಸಂಸ್ಥೆ ಫೋಟೋಶಾಪಿನ ಪೋರ್ಟಬಲ್ ಆವೃತ್ತಿಯನ್ನು ಎಂದೂ ಹೊರತಂದಿಲ್ಲ. ಆದ್ದರಿಂದ ‘ಫೋಟೋಶಾಪ್ ಪೋರ್ಟಬಲ್’ ಎಂಬ ಹೆಸರಿನ ಕಡತ ಎಲ್ಲೇ ಕಂಡರೂ, ಅದರ ಸಂಖ್ಯೆ ಯಾವುದೇ ಇದ್ದರೂ, ಅದು ಮೂರನೆಯವರ ಕೈಕೆಲಸವೆಂದು ಪರೀಕ್ಷೆಯಿಲ್ಲದೆಯೇ ಹೇಳಬಹುದು.

ಅಂಥ ಕಡತ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ತಂತ್ರಾಂಶ ಇನ್‌ಸ್ಟಾಲ್ ಆಗುವ ಮೊದಲು ಕಂಪ್ಯೂಟರ್ ಹೇಗಿತ್ತು, ಆದ ಮೇಲೆ ಅದರಲ್ಲಿ ಏನೇನು ಸೇರಿತು ಎಂಬುದನ್ನು ಹೋಲಿಸಿ ನೋಡಿ, ಆ ವ್ಯತ್ಯಾಸವನ್ನೆಲ್ಲ ಒಂದೇ ಕಡತದೊಳಗೆ ಕಟ್ಟಿಡುವ ಸಾಧನಗಳಿವೆ. ವಿಎಂವೇರ್ ಸಂಸ್ಥೆಯ ಹೆಸರಿನಲ್ಲಿ ಬಂದ ಥಿನ್‌ಆ್ಯಪ್ ಅಂಥದ್ದೊಂದು. ದೊಡ್ಡ ಕಂಪನಿಗಳು ತಾವು ಹಣ ಕೊಟ್ಟು ಕೊಂಡ ತಂತ್ರಾಂಶವನ್ನು ತಮ್ಮ ನೌಕರರ ಕಂಪ್ಯೂಟರುಗಳಿಗೆ ಸುಲಭವಾಗಿ ತಲುಪಿಸಲೆಂದು ಇವು ಬಂದವು. ಸಾಧನದಲ್ಲಿ ದೋಷವೇನೂ ಇಲ್ಲ. ಮೊದಲೇ ಬೀಗ ಮುರಿದ ಫೋಟೋಶಾಪನ್ನು ಇದೇ ಸಾಧನದೊಳಗೆ ಹಾಕಿ ಕಟ್ಟಿದಾಗ, ಒಂದು ಸಲ ಕ್ಲಿಕ್ ಮಾಡಿದರೆ ತೆರೆಯುವ, ಸೀರಿಯಲ್ ನಂಬರ್ ಕೇಳದ ಕಡತ ಸಿದ್ಧವಾಗುತ್ತದೆ. ಕಟ್ಟಿದವನು ನಡುವೆ ಇನ್ನೇನನ್ನು ಸೇರಿಸಿದ್ದಾನೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಹೆಸರಿನಲ್ಲೇ ಸುಳಿವು ಇರುವುದೂ ಉಂಟು. ಅಡೋಬಿ ಸಂಸ್ಥೆ 2012ರ ಸಿಎಸ್6 ಆವೃತ್ತಿಯ ಬಳಿಕ, 2013ರಿಂದ, ಫೋಟೋಶಾಪನ್ನು ಸಿಸಿ ಎಂಬ ಹೆಸರಿನಲ್ಲಿ ಚಂದಾ ಪದ್ಧತಿಗೆ ತಂದಿತು. ಸಿಸಿ ಆವೃತ್ತಿ ನಡೆಯಬೇಕಾದರೆ ಬಳಕೆದಾರರು ತಮ್ಮ ಖಾತೆಯ ಮೂಲಕ ಒಳಹೋಗಬೇಕು, ಚಂದಾ ಚಾಲ್ತಿಯಲ್ಲಿದೆಯೇ ಎಂಬುದನ್ನು ತಂತ್ರಾಂಶ ಆಗಾಗ ಪರಿಶೀಲಿಸಿಕೊಳ್ಳುತ್ತದೆ. ಹಾಗಿರುವಾಗ ‘ಫೋಟೋಶಾಪ್ ಸಿಸಿ ಪೋರ್ಟಬಲ್’ ಖಾತೆಯನ್ನೂ ಕೇಳದೆ, ಇಂಟರ್ನೆಟ್ಟನ್ನೂ ಬಯಸದೆ ತೆರೆದುಕೊಂಡರೆ, ಆ ಪರಿಶೀಲನೆಯ ಭಾಗವನ್ನು ಯಾರೋ ಕಿತ್ತುಹಾಕಿದ್ದಾರೆಂದೇ ಅರ್ಥ.

ಇದಕ್ಕೆ ಹೊಂದಿದ ಹಳೆಯ ಗೊಂದಲವೊಂದನ್ನು ಇಲ್ಲಿ ನೆನೆಯಬಹುದು. 2005ರಲ್ಲಿ ಬಂದ ಸಿಎಸ್2 ಆವೃತ್ತಿಯನ್ನು ಸಕ್ರಿಯಗೊಳಿಸುವ ಸರ್ವರ್‌ಗಳನ್ನು ಅಡೋಬಿ ಸಂಸ್ಥೆ ನಿಲ್ಲಿಸಿದಾಗ, ಆ ಆವೃತ್ತಿಯನ್ನು ಹಿಂದೆ ಕೊಂಡವರಿಗೆ ತೊಂದರೆಯಾಗದಿರಲೆಂದು ಸೀರಿಯಲ್ ನಂಬರುಗಳ ಸಮೇತ ಅದನ್ನು ತನ್ನ ತಾಣದಲ್ಲೇ ಇರಿಸಿತು. 2013ರ ಜನವರಿಯಲ್ಲಿ ‘ಫೋಟೋಶಾಪ್ ಫ್ರೀ ಆಗಿದೆ’ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಇದು ಹಿಂದಿನ ಗ್ರಾಹಕರಿಗಾಗಿ ಮಾತ್ರ ಎಂದು ಸಂಸ್ಥೆ ಸ್ಪಷ್ಟನೆ ಕೊಡಬೇಕಾಯಿತು. ತಯಾರಕರ ತಾಣದಲ್ಲೇ ಬೆಲೆಯಿಲ್ಲದೆ ದೊರೆತ ಕಡತಕ್ಕೂ ಅನುಮತಿ ಇಲ್ಲದಿರಬಹುದು ಎಂಬುದಕ್ಕೆ ಇದು ಅಪರೂಪದ ನಿದರ್ಶನ.

ಉಳಿದ ತಂತ್ರಾಂಶಗಳ ವಿಷಯದಲ್ಲಿ ಮಾಡಬೇಕಾದ ಕೆಲಸ ಇದು. ಮೊದಲು ಅದನ್ನು ತಯಾರಿಸಿದವರ ಸ್ವಂತ ತಾಣಕ್ಕೆ ಹೋಗಿ ಪೋರ್ಟಬಲ್ ಆವೃತ್ತಿಯ ಪ್ರಸ್ತಾಪ ಅಲ್ಲಿ ಇದೆಯೇ ನೋಡಿ. ಚಿತ್ರರಚನೆಯ ತಂತ್ರಾಂಶಗಳಾದ ಬ್ಲೆಂಡರ್, ಕ್ರಿಟಾ, ಇಂಕ್‌ಸ್ಕೇಪ್, ಪಠ್ಯ ಬರೆಯುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇವುಗಳ ತಾಣದಲ್ಲಿ ಜಿಪ್ ಮಾಡಿದ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಆವೃತ್ತಿ ಸಿಗುತ್ತದೆ. ಕಚೇರಿ ಕೆಲಸಕ್ಕೆ ಬಳಸುವ ಲಿಬ್ರೆ ಆಫೀಸ್‌ನ ತಾಣದಲ್ಲೂ ಪೋರ್ಟಬಲ್ ಆವೃತ್ತಿಯ ಪುಟವಿದೆ. ಬಳಿಕ ಫೋಲ್ಡರನ್ನು ತೆರೆದು ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಹೆಸರಿನ ಕಡತವನ್ನು ಹುಡುಕಿ. ಮುಕ್ತ ತಂತ್ರಾಂಶವನ್ನು ಸರಿಯಾಗಿ ಹಂಚುವವರು ಪರವಾನಗಿಯ ಪ್ರತಿಯನ್ನು ಜೊತೆಗೇ ಇಡುತ್ತಾರೆ. ಅದರ ಬದಲಿಗೆ ಬೀಗ ಮುರಿಯುವ ಸಾಧನಗಳಿಗೆ ಇಡುವ ಕ್ರ್ಯಾಕ್, ಪ್ಯಾಚ್, ಕೀಜೆನ್ ಎಂಬ ಹೆಸರಿನ ಫೋಲ್ಡರುಗಳು ಕಂಡರೆ ಹೆಚ್ಚಿನ ವಿಚಾರಣೆ ಬೇಕಿಲ್ಲ. ‘ನಡೆಸುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಿ’ ಎಂಬ ಸೂಚನೆ ಬರೆದಿಟ್ಟಿದ್ದರಂತೂ, ಮನೆಗೆ ಬರುವ ಮೊದಲು ನಾಯಿಯನ್ನು ಕಟ್ಟಿಹಾಕಿ ಎಂದು ಅಪರಿಚಿತನೊಬ್ಬ ಹೇಳಿಕಳಿಸಿದ್ದಕ್ಕೆ ಅದು ಸಮ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಕಂಪ್ಯೂಟರುಗಳಲ್ಲಿ ಹೊಸದನ್ನು ಇನ್‌ಸ್ಟಾಲ್ ಮಾಡಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ನಮ್ಮ ಬಳಿ ಇಲ್ಲ. ಮಳೆ ಹಿಡಿದರೆ ಇಂಟರ್ನೆಟ್ಟೂ ಇರುವುದಿಲ್ಲ. ಆದ್ದರಿಂದ ಪೋರ್ಟಬಲ್ ತಂತ್ರಾಂಶಗಳೇ ನಮಗೆ ಅನುಕೂಲ. ನಂಬಬಹುದಾದ ಮೂಲ ಯಾವುದು? ಒಂದು ಸಲ ಇಳಿಸಿಕೊಂಡದ್ದನ್ನು ಎಲ್ಲ ಕಂಪ್ಯೂಟರುಗಳಿಗೂ ಮಕ್ಕಳ ಪೆನ್ ಡ್ರೈವ್‌ಗಳಿಗೂ ನಕಲು ಮಾಡಿಕೊಟ್ಟರೆ ತಪ್ಪಾಗುತ್ತದೆಯೇ?
— ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಜಾನ್ ಹ್ಯಾಲರ್ ಎಂಬ ಅಮೆರಿಕದ ತಂತ್ರಜ್ಞರು ಫೈರ್‌ಫಾಕ್ಸ್ ಬ್ರೌಸರನ್ನು ಪೆನ್ ಡ್ರೈವ್‌ನಿಂದಲೇ ನಡೆಯುವಂತೆ ಮಾಡಿದ ಪ್ರಯತ್ನದಿಂದ ಬೆಳೆದ ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್ ತಾಣ ನಿಮ್ಮಂಥವರಿಗೆ ತಕ್ಕದ್ದು. ಅಲ್ಲಿಂದ ಇಳಿಸಿಕೊಂಡ ಕಡತದ ಹೆಸರು ಪಿಎಎಫ್ ಮತ್ತು ಇಎಕ್ಸ್‌ಇ ಎಂಬ ಎರಡು ಬಾಲಗಳಿಂದ ಮುಗಿಯುತ್ತದೆ. ಆದರೆ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಅದೊಂದನ್ನೇ ನಂಬಬಾರದು. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ, ಸಹಿ ಇರುವ ಕಡತಗಳಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ವಿಭಾಗ ಕಾಣಿಸುತ್ತದೆ. ಈ ತಾಣದ ಕಡತಗಳ ಮೇಲೆ ಹ್ಯಾಲರ್ ಅವರ ಸಂಸ್ಥೆಯಾದ ರೇರ್ ಐಡಿಯಾಸ್ ಹೆಸರಿನ ಸಹಿ ಇರುತ್ತದೆ. ಸಹಿ ಮಾಡಿದ ಬಳಿಕ ಕಡತದೊಳಗೆ ಯಾರಾದರೂ ಕೈಯಾಡಿಸಿದ್ದರೆ ಆ ಸಹಿ ಸಿಂಧುವಲ್ಲ ಎಂದು ವಿಂಡೋಸ್ ತಿಳಿಸುತ್ತದೆ. ಹಾಗೆಂದು ಸಹಿಯಿಲ್ಲದ ಕಡತವೆಲ್ಲ ಕಳವಿನದ್ದೆಂದು ತಿಳಿಯುವುದೂ ಸರಿಯಲ್ಲ. ಸಹಿಯ ಪ್ರಮಾಣಪತ್ರಕ್ಕೆ ವರ್ಷ ವರ್ಷವೂ ಹಣ ತೆರಬೇಕಾಗುವುದರಿಂದ ಒಬ್ಬಿಬ್ಬರೇ ಸೇರಿ ನಡೆಸುವ ಅನೇಕ ಒಳ್ಳೆಯ ಯೋಜನೆಗಳು ಸಹಿಯಿಲ್ಲದೆಯೇ ಕಡತಗಳನ್ನು ಹೊರತರುತ್ತವೆ.

ಸಹಿ ಇಲ್ಲದಿರುವಲ್ಲಿ ನೆರವಾಗುವುದು ಹ್ಯಾಶ್. ಕಡತದ ಒಳಗಿರುವುದನ್ನೆಲ್ಲ ಒಂದು ಗಣಿತ ಸೂತ್ರಕ್ಕೆ ಒಡ್ಡಿ ಪಡೆಯುವ ಗುರುತು ಅದು. ಎಸ್‌ಎಚ್‌ಎ-256 ಎಂಬ ಸೂತ್ರ 64 ಅಕ್ಷರ-ಅಂಕಿಗಳ ಸಾಲೊಂದನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತೇ ಸಿಗದಂತೆ ಬೇರೆಯಾಗುತ್ತದೆ. ಅನೇಕ ತಯಾರಕರು ತಮ್ಮ ತಾಣದಲ್ಲಿ ಈ ಸಾಲನ್ನು ಪ್ರಕಟಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಸೆವೆನ್-ಜಿಪ್ ಇದ್ದರೆ ಕಡತದ ಮೇಲೆ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲೇ ಎಸ್‌ಎಚ್‌ಎ ಲೆಕ್ಕ ಹಾಕುವ ಆಯ್ಕೆ ಸಿಗುತ್ತದೆ. ಎರಡು ಸಾಲುಗಳೂ ಒಂದೇ ಆಗಿದ್ದರೆ ನಿಮ್ಮ ಕೈಯಲ್ಲಿರುವುದು ತಯಾರಕರು ಬಿಟ್ಟ ಕಡತವೇ. ಆದರೆ ಹೋಲಿಸುವ ಸಾಲನ್ನು ತಯಾರಕರ ತಾಣದಿಂದ ಪಡೆಯಬೇಕು. ಕಡತ ಕೊಟ್ಟವನೇ ಹ್ಯಾಶ್ ಕೂಡ ಕೊಟ್ಟರೆ, ತೂಕ ಮಾಡುವವನೇ ಕಲ್ಲನ್ನೂ ತಂದಂತಾಗುತ್ತದೆ.

ಮಕ್ಕಳಿಗೆ ನಕಲು ಮಾಡಿಕೊಡುವ ಬಗ್ಗೆ ಕೇಳಿದ್ದೀರಿ. ಜಿಪಿಎಲ್ ಮತ್ತು ಅದರಂಥ ಮುಕ್ತ ಪರವಾನಗಿಗಳಿರುವ ತಂತ್ರಾಂಶವನ್ನು ಎಷ್ಟು ಪ್ರತಿ ಬೇಕಾದರೂ ಮಾಡಿಕೊಡಿ. ಫೋಲ್ಡರನ್ನು ಇಡಿಯಾಗಿ ಕೊಡಿ, ಪರವಾನಗಿಯ ಕಡತವನ್ನು ಅನಗತ್ಯವೆಂದು ಅಳಿಸಬೇಡಿ, ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲಿ ಸಿಗುತ್ತದೆಂಬ ಮಾಹಿತಿ ಜೊತೆಗಿರಲಿ. ಫ್ರೀವೇರ್ ಎಂಬ ಇನ್ನೊಂದು ಬಗೆಯಲ್ಲಿ ಮಾತ್ರ ಎಚ್ಚರ ಬೇಕು. ಫ್ರೀವೇರ್‌ಗೆ ಬೆಲೆ ಇರುವುದಿಲ್ಲ, ಷರತ್ತುಗಳಿರುತ್ತವೆ. ಚಿತ್ರಗಳನ್ನು ನೋಡಲು ಬಳಸುವ ಇರ್ಫಾನ್‌ವ್ಯೂ ಮನೆಬಳಕೆಗೂ ಶಾಲೆಗಳಿಗೂ ಉಚಿತ, ವ್ಯಾಪಾರ ಸಂಸ್ಥೆಗಳು ಹಣ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಅಂದರೆ ನಿಮ್ಮ ಶಾಲೆಯಲ್ಲಿ ಸಕ್ರಮವಾಗಿರುವ ಅದೇ ಕಡತ ಎದುರಿನ ಅಂಗಡಿಯಲ್ಲಿ ಅಕ್ರಮವಾಗಬಹುದು. ಇನ್ನು ಕೆಲವು ಫ್ರೀವೇರ್‌ಗಳನ್ನು ಬಳಸಬಹುದು, ಮರುಹಂಚಿಕೆ ಮಾಡುವಂತಿಲ್ಲ. ಪೋರ್ಟಬಲ್‌ಆ್ಯಪ್ಸ್ ತಾಣ ಈ ಭೇದವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತದೆಂದರೆ, ಅಲ್ಲಿಂದ ಗೂಗಲ್ ಕ್ರೋಮ್‌ನ ಪೋರ್ಟಬಲ್ ಆವೃತ್ತಿಯನ್ನು ಇಳಿಸಿಕೊಂಡರೆ ಬರುವುದು ಸಣ್ಣದೊಂದು ಕಡತ ಮಾತ್ರ. ಅದನ್ನು ನಡೆಸಿದಾಗ ಅದು ಗೂಗಲ್‌ನ ಸರ್ವರ್‌ನಿಂದಲೇ ಕ್ರೋಮನ್ನು ತರಿಸಿಕೊಂಡು ಜೋಡಿಸುತ್ತದೆ. ಇಂಥವುಗಳನ್ನು ಇಂಟರ್ನೆಟ್ ಇರುವ ದಿನವೇ ಸಿದ್ಧ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪರಿಚಿತರೊಬ್ಬರು ‘ಟ್ಯಾಲಿ ಫುಲ್ ವರ್ಶನ್ ಪೋರ್ಟಬಲ್’ ಎಂದು ಹೇಳಿ 300 ರೂಪಾಯಿಗೆ ಪೆನ್ ಡ್ರೈವ್ ಕೊಡುತ್ತೇನೆ ಎನ್ನುತ್ತಾರೆ. ಹಣ ಕೊಟ್ಟು ಕೊಂಡ ಮೇಲೆ ಅದು ಕಳವಿನ ಮಾಲು ಹೇಗಾಗುತ್ತದೆ? ಸಿಕ್ಕಿಬಿದ್ದರೆ ಮಾರಿದವರು ತಾನೇ ಹೊಣೆ?
— ಗುಮಾಸ್ತರು, ಶಿವಮೊಗ್ಗ

ಉತ್ತರ: ಮಾರಿದವರೂ ಹೊಣೆ, ತಿಳಿದೂ ಬಳಸಿದವರೂ ಹೊಣೆ. ಕಂಪ್ಯೂಟರ್ ತಂತ್ರಾಂಶ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದ್ದು, ಅದರ 63ಬಿ ಕಲಮು ಬಳಕೆದಾರರನ್ನೇ ಕುರಿತದ್ದಾಗಿದೆ. ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ ಗರಿಷ್ಠ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಲು ಅಲ್ಲಿ ಅವಕಾಶವಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದ ಸಲುವಾಗಿ ಬಳಸಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸೆರೆವಾಸವನ್ನು ಕೈಬಿಟ್ಟು 50,000 ರೂಪಾಯಿಗಳವರೆಗಿನ ದಂಡಕ್ಕೆ ಸೀಮಿತಗೊಳಿಸಬಹುದು. ಮಂಡಿಯ ಲೆಕ್ಕ ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿಯನ್ನು ನೀವು ನಿರೀಕ್ಷಿಸುವಂತಿಲ್ಲ. ಅದೇ ಕಾಯ್ದೆಯ 52ನೇ ಕಲಮು, ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ನಷ್ಟವಾದೀತೆಂಬ ಮುನ್ನೆಚ್ಚರಿಕೆಗಾಗಿ ಹೆಚ್ಚುವರಿ ಪ್ರತಿ ಮಾಡಿಟ್ಟುಕೊಳ್ಳಲು ಅನುಮತಿಸುತ್ತದೆ. ಕೆಲವರು ಈ ಮಾತನ್ನು ಅರ್ಧ ಓದಿ ‘ಬ್ಯಾಕಪ್ ಕಾಪಿ ಕೊಡುತ್ತಿದ್ದೇವೆ’ ಎಂದು ವಾದಿಸುವುದುಂಟು. ಆ ಅನುಮತಿ ಕೊಂಡವರ ಸ್ವಂತದ್ದು, ಮಾರುವುದಕ್ಕಲ್ಲ.

ಕಾನೂನನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಮಂಡಿಯ ಲೆಕ್ಕದಲ್ಲಿ ನೂರಾರು ಬೆಳೆಗಾರರ ಬಾಕಿ, ಮುಂಗಡ, ಬ್ಯಾಂಕ್ ಖಾತೆಗಳ ವಿವರಗಳಿರುತ್ತವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಗಾದೆ ಹುಟ್ಟಿದ ಸೀಮೆಯಲ್ಲಿ, ಆ ವಿವರಗಳನ್ನು ಯಾರು ಕಟ್ಟಿದ್ದೆಂದು ತಿಳಿಯದ ತಂತ್ರಾಂಶದ ವಶಕ್ಕೆ ಕೊಡಲು ನಿಮ್ಮ ಯಜಮಾನರು ಒಪ್ಪುವರೇ ಎಂದು ಮೊದಲು ಕೇಳಿನೋಡಿ.

ನಿಮಗೆ ಬೇಕಾಗಿರುವುದು ಕಲಿಕೆಯಾದರೆ ಟ್ಯಾಲಿ ಸಂಸ್ಥೆಯ ತಾಣದಿಂದಲೇ ತಂತ್ರಾಂಶವನ್ನು ಇಳಿಸಿಕೊಂಡು ಲೈಸೆನ್ಸ್ ಇಲ್ಲದೆ ಎಜುಕೇಶನಲ್ ಮೋಡ್‌ನಲ್ಲಿ ತೆರೆಯಬಹುದು. ತಿಂಗಳ 1 ಮತ್ತು 2ನೇ ತಾರೀಖಿನಂಥ ಆಯ್ದ ಕೆಲವೇ ದಿನಾಂಕಗಳಲ್ಲಿ ಮಾತ್ರ ಅದು ವ್ಯವಹಾರ ದಾಖಲಿಸಲು ಬಿಡುತ್ತದೆ. ಕಲಿಯಲು ಅಷ್ಟು ಧಾರಾಳ. ನಿಜವಾದ ಲೆಕ್ಕಕ್ಕೆ ಗ್ನುಕ್ಯಾಶ್ ಎಂಬ ಮುಕ್ತ ತಂತ್ರಾಂಶವಿದೆ, ಅದರ ಪೋರ್ಟಬಲ್ ಆವೃತ್ತಿಯೂ ಇದೆ. ಜೋಡಿ ನಮೂದು ಪದ್ಧತಿಯನ್ನು ಅದು ಚೊಕ್ಕಟವಾಗಿ ಪಾಲಿಸುತ್ತದೆ. ಆದರೆ ಜಿಎಸ್‌ಟಿ ವಿವರಪಟ್ಟಿಯನ್ನು ತಾನಾಗಿ ಸಿದ್ಧಪಡಿಸಿಕೊಡುವುದಿಲ್ಲ. ಆ ಕೆಲಸಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುವ ಆಫ್‌ಲೈನ್ ಟೂಲನ್ನು ಬೇರೆಯಾಗಿ ಬಳಸಬೇಕಾಗುತ್ತದೆ. ಬಿಲ್ಲುಗಳ ರಾಶಿ ದೊಡ್ಡದಿರುವ ಮಂಡಿಗೆ ಈ ಎರಡೆರಡು ಕೆಲಸ ಒಗ್ಗಲಾರದು, ಅಲ್ಲಿ ಹಣ ಕೊಟ್ಟು ಲೈಸೆನ್ಸ್ ಪಡೆಯುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕಡತಗಳನ್ನು ಕುಗ್ಗಿಸುವ ವಿನ್‌ರಾರ್ 40 ದಿನಗಳ ಪರೀಕ್ಷಾ ಅವಧಿ ಮುಗಿದರೂ ಕೆಲಸ ಮಾಡುತ್ತಲೇ ಇದೆ. ನಾನು ಕದ್ದು ಬಳಸಿದಂತಾಯಿತೇ?
— ಪದವಿ ವಿದ್ಯಾರ್ಥಿ, ಸಾಗರ

ಉತ್ತರ: ವಿನ್‌ರಾರ್ ಶೇರ್‌ವೇರ್, ಅಂದರೆ ಪರೀಕ್ಷಿಸಿ ನೋಡಿ ಬಳಿಕ ಹಣ ಕೊಡಬೇಕಾದದ್ದು. ನೀವು ಬೀಗ ಮುರಿದಿಲ್ಲ, ಆದರೆ ಅವಧಿ ಮೀರಿದ ಬಳಿಕ ಪರವಾನಗಿಯ ಷರತ್ತನ್ನು ಮೀರಿದ್ದೀರಿ. ರಾರ್ ಕಡತಗಳನ್ನು ಬಿಚ್ಚುವುದಷ್ಟೇ ನಿಮ್ಮ ಅಗತ್ಯವಾದರೆ ಸೆವೆನ್-ಜಿಪ್ ಸಾಕು, ಅದರ ಪೋರ್ಟಬಲ್ ಆವೃತ್ತಿಯೂ ಇದೆ.

ಪ್ರಶ್ನೆ: ಮರೆತ ವೈಫೈ ಪಾಸ್‌ವರ್ಡ್ ತೋರಿಸುವ ಸಣ್ಣ ಪೋರ್ಟಬಲ್ ಸಾಧನವೊಂದನ್ನು ನಿರ್‌ಸಾಫ್ಟ್ ತಾಣದಿಂದಲೇ ಇಳಿಸಿಕೊಂಡೆ. ಆ್ಯಂಟಿವೈರಸ್ ಅದನ್ನು ಅಪಾಯಕಾರಿ ಎಂದು ತಡೆಯಿತು. ತಯಾರಕರ ತಾಣದಿಂದ ತಂದದ್ದೂ ನಕಲಿಯಾಗಬಹುದೇ?
— ಕಂಪ್ಯೂಟರ್ ಮಾರಾಟಗಾರರು, ಭದ್ರಾವತಿ

ಉತ್ತರ: ಇಲ್ಲಿ ನಿಮ್ಮ ಆ್ಯಂಟಿವೈರಸ್ ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. ನಿರ್ ಸೋಫರ್ ಎಂಬವರು ಬರೆದ ಈ ಸಣ್ಣ ಸಾಧನಗಳು ಕಂಪ್ಯೂಟರಿನಲ್ಲಿ ಅಡಗಿರುವ ಪಾಸ್‌ವರ್ಡ್‌ಗಳನ್ನು ಹೊರತೆಗೆದು ತೋರಿಸುತ್ತವೆ. ಒಡೆಯನ ಕೈಯಲ್ಲಿ ಇದು ನೆರವು, ಕಳ್ಳನ ಕೈಯಲ್ಲಿ ಆಯುಧ. ಅದು ಯಾರ ಕೈಯಲ್ಲಿದೆ ಎಂಬುದನ್ನು ಆ್ಯಂಟಿವೈರಸ್ ಅರಿಯದಾದ್ದರಿಂದ ಎಲ್ಲರ ಮೇಲೂ ಎಚ್ಚರಿಕೆ ಹೊರಡಿಸುತ್ತದೆ. ಇದಕ್ಕೂ ಅಕ್ರಮ ಪ್ರತಿಗೂ ಸಂಬಂಧವಿಲ್ಲ.

ಆದರೆ ಕ್ರ್ಯಾಕ್ ಹಂಚುವವರೂ ಇದೇ ಮಾತನ್ನು ಎರವಲು ಪಡೆದು ‘ಅದು ಫಾಲ್ಸ್ ಪಾಸಿಟಿವ್ (ಸುಳ್ಳು ಎಚ್ಚರಿಕೆ), ಹೆದರಬೇಡಿ’ ಎನ್ನುತ್ತಾರೆ. ಹಾಗಾಗಿ ಎಚ್ಚರಿಕೆಯ ಒಕ್ಕಣೆಯನ್ನು ಓದಿ. ಹ್ಯಾಕ್ ಟೂಲ್, ಅನಪೇಕ್ಷಿತ ಅಪ್ಲಿಕೇಶನ್ ಎಂಬ ವರ್ಗದ ಹೆಸರಿದ್ದರೆ ಅದು ಕೆಲಸದ ಸ್ವಭಾವವನ್ನು ಕುರಿತದ್ದಿರಬಹುದು. ಟ್ರೋಜನ್ ಎಂದೋ ಮಾಹಿತಿ ಕದಿಯುವ ನಿರ್ದಿಷ್ಟ ವೈರಸ್ಸಿನ ಹೆಸರೋ ಕಂಡರೆ ಮುಂದುವರಿಯಬಾರದು. 2012ರಿಂದ ಗೂಗಲ್‌ನ ಒಡೆತನದಲ್ಲಿರುವ ವೈರಸ್‌ಟೋಟಲ್ ತಾಣಕ್ಕೆ ಕಡತವನ್ನು ಕಳಿಸಿದರೆ ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿಗೆ ಕಳಿಸಿದ ಕಡತವನ್ನು ಇತರ ಭದ್ರತಾ ಸಂಶೋಧಕರೂ ನೋಡಬಲ್ಲರು, ಗ್ರಾಹಕರ ಖಾಸಗಿ ದಾಖಲೆಗಳನ್ನು ಕಳಿಸಬೇಡಿ. ಅಲ್ಲಿ ಎಲ್ಲವೂ ಹಸಿರಾಗಿ ಕಂಡರೂ ಅದು ವೈರಸ್ ಸಿಗಲಿಲ್ಲವೆಂಬ ವರದಿ ಮಾತ್ರ. ಬಳಸುವ ಹಕ್ಕು ನಿಮಗಿದೆಯೇ ಎಂಬುದನ್ನು ಯಾವ ಆ್ಯಂಟಿವೈರಸ್ಸೂ ಹೇಳಲಾರದು.

ಪ್ರಶ್ನೆ: ಒಂದು ಅಂಗಡಿಯಲ್ಲಿ ಲಿಬ್ರೆ ಆಫೀಸ್, ಬ್ಲೆಂಡರ್ ಮೊದಲಾದವನ್ನು ತುಂಬಿದ ಪೆನ್ ಡ್ರೈವ್‌ಗೆ ಖಾಲಿ ಪೆನ್ ಡ್ರೈವ್‌ಗಿಂತ 150 ರೂಪಾಯಿ ಹೆಚ್ಚು ತೆಗೆದುಕೊಂಡರು. ಆಮೇಲೆ ನೋಡಿದರೆ ಎಲ್ಲವೂ ಇಂಟರ್ನೆಟ್ಟಿನಲ್ಲಿ ಉಚಿತ. ಇದು ಮೋಸವಲ್ಲವೇ? ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶವೂ ಅದರಲ್ಲಿದೆ, ಅದು ಉಚಿತವೇ?
— ನಿವೃತ್ತ ನೌಕರರು, ಕೊಪ್ಪ

ಉತ್ತರ: ಮುಕ್ತ ತಂತ್ರಾಂಶವನ್ನು ಹಣ ಪಡೆದು ಹಂಚಲು ಜಿಪಿಎಲ್ ಅಡ್ಡಿ ಮಾಡುವುದಿಲ್ಲ. 1983ರಲ್ಲಿ ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್‌ಮನ್ ಮೊದಲಿನಿಂದಲೂ ಹೇಳುತ್ತ ಬಂದಿರುವುದು, ತಾವು ಬಯಸಿದ್ದು ಬಳಕೆದಾರರ ಸ್ವಾತಂತ್ರ್ಯವನ್ನು, ಬೆಲೆಯ ಅಭಾವವನ್ನಲ್ಲ ಎಂದೇ. ಇಂಗ್ಲಿಷಿನ ಫ್ರೀ ಎಂಬ ಒಂದೇ ಪದಕ್ಕೆ ಈ ಎರಡೂ ಅರ್ಥಗಳಿರುವುದರಿಂದ ಅಲ್ಲಿ ಗೊಂದಲವಾಯಿತು. ನಮ್ಮಲ್ಲಿ ಮುಕ್ತ, ಉಚಿತ ಎಂಬ ಎರಡು ಪದಗಳು ಇದ್ದೂ ನಾವು ಅವನ್ನು ಒಂದರ ಬದಲು ಒಂದು ಬಳಸಿ ಗೊಂದಲ ಮಾಡಿಕೊಂಡಿದ್ದೇವೆ. ಬ್ಲೆಂಡರ್ ಮುಕ್ತವಾದದ್ದೇ ಹಣದಿಂದ: 2002ರಲ್ಲಿ ಬಳಕೆದಾರರೆಲ್ಲ ಸೇರಿ 1 ಲಕ್ಷ ಯೂರೋ ಒಟ್ಟುಮಾಡಿ, ಹೂಡಿಕೆದಾರರ ಕೈಯಲ್ಲಿದ್ದ ಅದರ ಮೂಲ ಸಂಕೇತವನ್ನು ಬಿಡಿಸಿಕೊಂಡರು. ನಿಮ್ಮ ಅಂಗಡಿಯವರು ತಂತ್ರಾಂಶದ ಹೆಸರನ್ನೂ ಪರವಾನಗಿಯನ್ನೂ ಮರೆಮಾಚದೆ, ಇಳಿಸಿ ತುಂಬಿದ ಶ್ರಮಕ್ಕೆಂದು 150 ರೂಪಾಯಿ ಕೇಳಿದ್ದರೆ ಅದು ಕೂಲಿ. ಬೇರೆ ಹೆಸರಿಟ್ಟು, ತಮ್ಮದೇ ತಂತ್ರಾಂಶವೆಂದು ಹೇಳಿ, ನಕಲು ಮಾಡಬಾರದೆಂದು ನಿರ್ಬಂಧ ಹಾಕಿದ್ದರೆ ಮೋಸ.

ಬರಹದ ವಿಷಯ ಸ್ವಲ್ಪ ಬೇರೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿದ ಬರಹ ಮೊದಲ ಹಲವು ವರ್ಷ ಉಚಿತವಾಗಿಯೇ ಸಿಗುತ್ತಿತ್ತು, ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಒಂದೇ ಹೆಸರಿನ ತಂತ್ರಾಂಶದ ಎರಡು ಆವೃತ್ತಿಗಳಿಗೆ ಎರಡು ಬಗೆಯ ಪರವಾನಗಿ ಇರಬಲ್ಲದೆಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ನಿಮ್ಮಲ್ಲಿರುವ ಆವೃತ್ತಿಯ ಸಂಖ್ಯೆ ನೋಡಿ, ಜೊತೆಗಿರುವ ಪರವಾನಗಿಯನ್ನು ಓದಿ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ದೊರೆಯುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದಷ್ಟೇ ಬೇಕಿದ್ದರೆ ವಿಂಡೋಸ್‌ನ ಒಳಗೇ ಕನ್ನಡ ಕೀಲಿಮಣೆ ಇದೆ, 2019ರಿಂದ ಉಚ್ಚಾರಣೆಯಂತೆ ಟೈಪ್ ಮಾಡುವ ವಿನ್ಯಾಸವೂ ಅದರಲ್ಲಿ ಸೇರಿದೆ.

ಹಣ ಕೊಟ್ಟದ್ದಕ್ಕಿಂತ ಎಲ್ಲಿಂದ ಇಳಿಸಿದರು ಎಂಬುದನ್ನು ಅಂಗಡಿಯವರಲ್ಲಿ ಕೇಳುವುದು ಹೆಚ್ಚು ಮುಖ್ಯ. ಸೋರ್ಸ್‌ಫೋರ್ಜ್ ಎಂಬ ಹೆಸರಾಂತ ತಾಣದಲ್ಲಿ 2015ರಲ್ಲಿ ಗಿಂಪ್‌ನ ವಿಂಡೋಸ್ ಕಡತಕ್ಕೆ ಜಾಹೀರಾತು ತಂತ್ರಾಂಶಗಳನ್ನು ಅಂಟಿಸಿ ಕೊಡುತ್ತಿದ್ದುದು ಬಯಲಾಗಿ ದೊಡ್ಡ ಗದ್ದಲವೆದ್ದಿತು. ಮರುವರ್ಷ ತಾಣದ ಒಡೆತನ ಬದಲಾಗಿ ಹೊಸಬರು ಆ ಪದ್ಧತಿಯನ್ನು ನಿಲ್ಲಿಸಿದರು. ಕದ್ದ ಮಾಲಲ್ಲ, ಪರವಾನಗಿಯಲ್ಲಿ ಕುಂದಿಲ್ಲ, ಆದರೂ ಕೈಗೆ ಬಂದದ್ದು ಶುದ್ಧವಲ್ಲ ಎಂಬ ಇಂಥ ಸ್ಥಿತಿಯೂ ಇದೆ. ಹುಡುಕಾಟದ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತುವ ಬದಲು ತಯಾರಕರ ತಾಣದ ವಿಳಾಸವನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡುವುದು ಲೇಸು.

ಪ್ರಶ್ನೆ: ಒಂದು ವರ್ಷದಿಂದ ಬೀಗ ಮುರಿದ ಫೋಟೋಶಾಪ್, ಕೋರೆಲ್ ಬಳಸಿಯೇ ಲಗ್ನಪತ್ರಿಕೆ ಮಾಡುತ್ತಿದ್ದೇವೆ. ಈಗ ಬಿಡಬೇಕೆಂದಿದ್ದೇವೆ. ಹಳೆಯ ವಿನ್ಯಾಸಗಳ ಗತಿಯೇನು?
— ಮುದ್ರಣಾಲಯದವರು, ಸೊರಬ

ಉತ್ತರ: ಮೊದಲು ವಿನ್ಯಾಸದ ಕಡತಗಳನ್ನೂ ಫಾಂಟ್‌ಗಳನ್ನೂ ಮಾತ್ರ ಬೇರೊಂದು ಡ್ರೈವ್‌ಗೆ ತೆಗೆದಿಡಿ, ತಂತ್ರಾಂಶವನ್ನು ನಡೆಸುವ ಇಎಕ್ಸ್‌ಇ ಕಡತಗಳಲ್ಲಿ ಒಂದನ್ನೂ ಜೊತೆಗೆ ಒಯ್ಯಬೇಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಿದ್ದರೆ ಬೇರೆ ಸಾಧನದಿಂದ ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಿ. ಬಳಿಕ ವಿಂಡೋಸನ್ನು ಹೊಸದಾಗಿ ಹಾಕಿಸುವುದು ಸುರಕ್ಷಿತ. ಫೋಟೋಶಾಪ್ ಅಳಿಸಿಹಾಕಿದ ಮಾತ್ರಕ್ಕೆ ಅದರೊಂದಿಗೆ ಬಂದದ್ದೆಲ್ಲ ಹೋಯಿತೆಂದು ಹೇಳಲಾಗದು.

ಫೋಟೋಶಾಪಿನ ಪಿಎಸ್‌ಡಿ ಕಡತಗಳನ್ನು ಗಿಂಪ್ ಮತ್ತು ಕ್ರಿಟಾ ಎರಡೂ ತೆರೆಯುತ್ತವೆ, ಪದರಗಳು ಬಹುಮಟ್ಟಿಗೆ ಉಳಿಯುತ್ತವೆ, ಕೆಲವು ವಿಶೇಷ ಪರಿಣಾಮಗಳು ಕಳೆದುಹೋಗಬಹುದು. ಕೋರೆಲ್‌ನ ಸಿಡಿಆರ್ ಕಡತಗಳನ್ನು ಲಿಬ್ರೆ ಆಫೀಸ್ ಡ್ರಾ ತೆರೆಯಬಲ್ಲದು. ಅಕ್ಷರಗಳ ಸಾಲು ಅಲ್ಲಲ್ಲಿ ಕದಲುವುದರಿಂದ ಕೂತು ಸರಿಪಡಿಸಬೇಕಾಗುತ್ತದೆ. ಹೊಸ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಚೆನ್ನಾಗಿದೆ, ಆದರೆ ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆಯನ್ನು ಪುಟವಿನ್ಯಾಸದ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಮಾಡಿಕೊಳ್ಳುವುದು ಸರಿ. ಮದುವೆಗಳ ಹಂಗಾಮು ಆರಂಭವಾಗುವ ಮೊದಲೇ ಹಳೆಯ ಲಗ್ನಪತ್ರಿಕೆಯೊಂದನ್ನು ಹೊಸ ತಂತ್ರಾಂಶದಲ್ಲಿ ತೆರೆದು, ಒಂದು ಪ್ರತಿ ಮುದ್ರಿಸಿ, ಒತ್ತಕ್ಷರಗಳನ್ನೂ ಬಣ್ಣಗಳನ್ನೂ ಹಿಂದಿನ ಪ್ರತಿಯ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.